ನಮ್ಮ ಮಾವನ ಮುಂದೆ ಬಾಯಿ ಬಿಡಬೇಡಿ

ನಿಮಗೆ ಏನಾದರೂ ಕಷ್ಟಸುಖ ಇದ್ದರೆ ದೇವರ ಹತ್ತಿರ ಹೇಳಿಕೊಳ್ಳಿ, ಡಾಕ್ಟರ ಹತ್ತಿರ ಹೇಳಿಕೊಳ್ಳಿ, ತೀರಾ ತಡೆಯಲಾಗದಿದ್ದರೆ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಗುರುತಿಲ್ಲದವರ ಹತ್ತಿರ ಹೇಳಿಕೊಳ್ಳಿ. ನಮ್ಮ ಮಾವನ ಹತ್ತಿರ ಮಾತ್ರ ಬೇಡ! ಇವತ್ತು ಸಂಜೆ ನೀವು ಕಣ್ಣು ಒರೆಸಿಕೊಂಡು ಹೇಳಿದ್ದು ನಾಳಿದ್ದರ ಹೊತ್ತಿಗೆ ಪಲ್ಲವಿಯಾಗಿರುತ್ತದೆ, ಅದಕ್ಕೆ ಚರಣಗಳು ಕೂಡಿರುತ್ತವೆ. ವಾರ ಕಳೆಯುವುದರೊಳಗೆ ಅದು ಮೊಬೈಲಿನಿಂದ ಮೊಬೈಲಿಗೆ ಹಾರಿ, ಮಂಡ್ಯ, ಮದ್ದೂರು, ಮಳವಳ್ಳಿಯನ್ನೆಲ್ಲ ಸುತ್ತಿಕೊಂಡು ನಿಮ್ಮ ಮೊಬೈಲಿಗೇ ವಾಪಸ್ಸು ಬಂದಿರುತ್ತದೆ. "ಕೇಳಿ, ಚೆನ್ನಾಗಿದೆ" ಎಂದು ಕಳಿಸಿದವರು ನಿಮ್ಮ ಬೀಗರೇ ಆಗಿರುತ್ತಾರೆ.

ಮಾವ ಎಂದರೆ ನನ್ನ ಅವ್ವನ ಒಬ್ಬನೇ ತಮ್ಮ. ಹನಕೆರೆ ರೈಲ್ವೆ ಸ್ಟೇಷನ್ನಿಗೆ ಹತ್ತಿರದ ಒಂದು ಹಳ್ಳಿಯಲ್ಲಿ ಮನೆ. ವಯಸ್ಸು ಐವತ್ತು ದಾಟಿದೆ, ಮೀಸೆ ಮಾತ್ರ ಇನ್ನೂ ಒಪ್ಪಿಕೊಂಡಿಲ್ಲ. ಹೊಟ್ಟೆಪಾಡಿಗೆ ಊರಿನ ಹಾಲಿನ ಡೈರಿಯಲ್ಲಿ ಕಾರ್ಯದರ್ಶಿ. ಆದರೆ ಯಾರಾದರೂ "ಏನು ಕೆಲಸ ಮಾಡ್ತೀರಿ?" ಎಂದು ಕೇಳಿದರೆ ಎದೆ ಸೆಟೆಸಿ "ಸ್ವತಂತ್ರ ಸಂಗೀತಗಾರ" ಎನ್ನುತ್ತಾರೆ. ಯಾವುದರಿಂದ ಸ್ವತಂತ್ರ ಎಂದು ನಾನು ಒಮ್ಮೆ ಅತ್ತೆಯನ್ನು, ಅಂದರೆ ಅವರ ಹೆಂಡತಿಯನ್ನು, ಕೇಳಿದ್ದೆ. "ಮನೆ ಕೆಲ್ಸದಿಂದ ಕಣಮ್ಮಿ" ಎಂದಿದ್ದರು ಅತ್ತೆ.

ಹಾಗೆಂದು ಮಾವ ನಿನ್ನೆ ಮೊನ್ನೆ ಹಾಡಲು ಹೊರಟವರಲ್ಲ. ನಾನು ಲಂಗ ಹಾಕಿಕೊಂಡು ಓಡಾಡುತ್ತಿದ್ದ ಕಾಲಕ್ಕೆ ಅವರು ಮಂಡ್ಯದ ಒಂದು ಆರ್ಕೆಸ್ಟ್ರಾದಲ್ಲಿ ಗಾಯಕರು! ಬಿಳಿ ಬೂಟು, ಮಿರಮಿರ ಮಿಂಚುವ ಅಂಗಿ, ಕಿವಿ ಮುಚ್ಚುವಷ್ಟು ಕೂದಲು. ಗಣೇಶನ ಪೆಂಡಾಲಿರಲಿ, ಮದುವೆ ಛತ್ರವಿರಲಿ, ಮಾವ ಮೈಕು ಹಿಡಿದರೆಂದರೆ ಅಡಿಗೆಯವರೂ ಸೌಟು ಹಿಡಿದುಕೊಂಡು ಹೊರಗೆ ಬಂದು ನಿಲ್ಲುತ್ತಿದ್ದರು. ಯಾವ ಗಾಯಕ ಬೇಕು ಹೇಳಿ, ಅವರ ದನಿ ಮಾವನ ಗಂಟಲಿನಲ್ಲಿ ರೆಡಿ. ಒಮ್ಮೆ ಹೆಣ್ಣು ದನಿಯಲ್ಲಿ ಹಾಡಬೇಕಾಗಿದ್ದ ಹುಡುಗಿಗೆ ಮದ್ದೂರಿನಿಂದ ಬಸ್ಸು ತಪ್ಪಿಹೋಯಿತು. ಮಾವ ಹೆದರಿದರೇ? ಎಡಕ್ಕೆ ತಿರುಗಿ ಗಂಡು ದನಿಯಲ್ಲಿ ಹಾಡಿದರು, ಬಲಕ್ಕೆ ತಿರುಗಿ ಹೆಣ್ಣು ದನಿಯಲ್ಲಿ ಹಾಡಿದರು. ಕೊನೆಯಲ್ಲಿ ಇಬ್ಬರೂ ಒಟ್ಟಿಗೆ ಹಾಡುವ ಸಾಲು ಬಂದಾಗ ಮಾತ್ರ ಯಾವ ಕಡೆ ತಿರುಗಬೇಕೋ ತಿಳಿಯದೆ ನೆಟ್ಟಗೆ ನಿಂತು ಕೆಮ್ಮಿಬಿಟ್ಟರು. ಜನ ಅದಕ್ಕೂ ಶಿಳ್ಳೆ ಹೊಡೆದರು!

ಅವತ್ತು ಹಾಡು ಮುಗಿದ ಮೇಲೆ ಮುಂದಿನ ಸಾಲಿನಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಒಬ್ಬ ಅಜ್ಜಿ ಕೇಳಿದಳಂತೆ, "ಎಲ್ಲಾರ್ ದನೀಲೂ ಆಡ್ದೆ ಕಣಪ್ಪ, ಬೋ ಪಸಂದಾಗಿತ್ತು. ಅದ್ಸರಿ, ನಿನ್ ದನಿ ಯಾವ್ದು?" ಮಾವ ನಕ್ಕು ಕೈಮುಗಿದರಂತೆ. ಆದರೆ ಆ ಪ್ರಶ್ನೆ ಅಂಗಿಯೊಳಗೆ ಬಿದ್ದ ಭತ್ತದ ಸುಂಕಿನ ಹಾಗೆ ಎಷ್ಟೋ ವರ್ಷ ಕಡಿಯುತ್ತಲೇ ಇತ್ತು ಎಂದು ಅವರೇ ನನಗೆ ಹೇಳಿದ್ದಾರೆ.

ಆಮೇಲೆ ಆರ್ಕೆಸ್ಟ್ರಾಗಳ ಕಾಲ ಮುಗಿಯಿತು. ಮದುವೆಗಳಿಗೆ ಡೀಜೆ ಬಂತು. ಕೀಬೋರ್ಡು ನುಡಿಸುತ್ತಿದ್ದವರು ಮೊಬೈಲ್ ಅಂಗಡಿ ಇಟ್ಟರು, ಡ್ರಮ್ಮು ಬಾರಿಸುತ್ತಿದ್ದವರು ಕೋಳಿ ಫಾರಂ ಮಾಡಿದರು, ಮಾವ ಡೈರಿ ಸೇರಿದರು. ಬಿಳಿ ಬೂಟು ಅಟ್ಟ ಸೇರಿತು. ಈಗಲೂ ಮಂಡ್ಯದಲ್ಲಿ ಯಾವುದಾದರೂ ಛತ್ರದ ಮುಂದೆ ಹಾದುಹೋಗುವಾಗ ನನಗೆ ಆ ಬೂಟು ನೆನಪಾಗುತ್ತದೆ. ಮೈಕಿನ ಮುಂದೆ ಮಾವ ಗಂಟಲು ಸರಿಮಾಡಿಕೊಳ್ಳುತ್ತಿದ್ದದ್ದು, ನಾನು ಅವ್ವನ ತೊಡೆಯ ಮೇಲೆ ಕೂತು "ಅದು ನಮ್ಮಾವ" ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದದ್ದು, ಎಲ್ಲವೂ ನೆನಪಾಗುತ್ತದೆ.

ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಮಾವ ಹಲ್ಲುಜ್ಜುತ್ತಾ ಏನೋ ಗುನುಗುತ್ತಿದ್ದರಂತೆ. ಅತ್ತೆಗೆ ಗೊತ್ತಿಲ್ಲದ ರಾಗ.

"ಇದ್ಯಾವ್ ಪಿಚ್ಚರ್ದು?" ಎಂದರು ಅತ್ತೆ.

"ಯಾವ್ ಪಿಚ್ಚರ್ದೂ ಅಲ್ಲ ಕಣೆ. ನಂದು."

"ನಿಮ್ದು ಅಂದ್ರೆ?"

"ನಂದು ಅಂದ್ರೆ ನಂದು. ನಾನೇ ಬರ್ದಿದ್ದು, ನಾನೇ ಕಟ್ಟಿದ್ದು."

ಅತ್ತೆ ಹತ್ತಿರ ಬಂದು ಹಣೆ ಮುಟ್ಟಿ ನೋಡಿದರಂತೆ. ಜ್ವರ ಇರಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ! ಮೊದಲ ಹಾಡನ್ನು ರೆಕಾರ್ಡು ಮಾಡಿಸಲು ಮಾವ ಮದ್ದೂರಿನ ಒಂದು ಪುಟ್ಟ ಸ್ಟುಡಿಯೋಗೆ ಹೋದರು. ಅಲ್ಲಿ ಕಿವಿಗೆ ದೊಡ್ಡ ಹೆಡ್‌ಫೋನು ಹಾಕಿಕೊಂಡ ಯುವಕ ಹಾಡನ್ನೆಲ್ಲ ಹಿಡಿದುಕೊಂಡು, ಕಂಪ್ಯೂಟರಿನಲ್ಲಿ ಅದೇನೋ ಒತ್ತಿ, "ಕೇಳಿ ಸಾರ್, ಶ್ರುತಿ ಎಲ್ಲ ಸರಿ ಮಾಡಿದ್ದೀನಿ" ಎಂದ. ಮಾವ ಕೇಳಿದರು. ಮುಖ ಗಂಟಾಯಿತು.

"ಇದ್ಯಾರಪ್ಪ ಆಡ್ತಿರೋದು?"

"ನೀವೇ ಸಾರ್!"

"ನಾನಲ್ಲ ಕಣಪ್ಪ. ಅಷ್ಟು ವರ್ಸ ಬ್ಯಾರೇರ ದನೀಲಿ ಆಡ್ದೆ, ಯಾರೂ ಬ್ಯಾಡ ಅನ್ನಿಲ್ಲ. ಈಗ ನನ್ ಆಡ್ನ ನನ್ ದನೀಲಿ ಆಡವ ಅಂತ ಬಂದ್ರೆ, ನೀನು ಇನ್ಯಾರ್ನೋ ತಂದು ಕೂರ್ಸಿದ್ದೀಯಲ್ಲ! ನಂದೇ ಕೊಡು. ಒಡ್ದಿದ್ರೆ ಒಡ್ದಿರ್ಲಿ."

ಅವತ್ತು ಮಾವ ಮದ್ದೂರಿಗೆ ಹೋಗಿ ವಡೆ ತಿನ್ನದೆ ವಾಪಸ್ಸು ಬಂದರು. ನಮ್ಮ ಕಡೆಯವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ. ಸಂಗತಿ ಗಂಭೀರ ಎಂದು ಅರ್ಥ.

ಸರಿ, ಮನೆಯಲ್ಲೇ ರೆಕಾರ್ಡು ಮಾಡುವುದೆಂದು ತೀರ್ಮಾನವಾಯಿತು. ಮನೆಯಲ್ಲಿ ದನಿ ಗುಂಯ್ ಎನ್ನುತ್ತದೆ, ಸುತ್ತ ಬಟ್ಟೆ ಇದ್ದರೆ ದನಿ ಗಟ್ಟಿಯಾಗಿ, ಹತ್ತಿರ ಕೂತು ಹೇಳಿದ ಹಾಗೆ ಬರುತ್ತದೆ ಎಂದು ಯಾರೋ ಹೇಳಿದರು. ಮನೆಯಲ್ಲಿ ಅತಿ ಹೆಚ್ಚು ಬಟ್ಟೆ ಇರುವ ಜಾಗ ಯಾವುದು? ಅತ್ತೆಯ ಬೀರು! ಮಾವ ಬೀರುವಿನ ಎರಡೂ ಬಾಗಿಲು ತೆಗೆದು, ರೇಷ್ಮೆ ಸೀರೆಗಳ ನಡುವೆ ಮೊಬೈಲು ಸಿಕ್ಕಿಸಿ, ಕುತ್ತಿಗೆಯವರೆಗೆ ತಲೆಯನ್ನು ಒಳಗೆ ತೂರಿಸಿ ಹಾಡಲು ಶುರುಮಾಡಿದರು. ಆಗ ಅವರ ಮನೆಗೆ ಬಂದವರಿಗೆ ಮೊದಲು ಕಾಣಿಸುತ್ತಿದ್ದದ್ದು ಬೀರುವಿನಿಂದ ಹೊರಗೆ ಉಳಿದ ಅರ್ಧ ಮಾವ. ಒಳಗಿನ ಅರ್ಧ ಬಾಲ್ಯ, ತಾಯಿ, ವಿರಹ ಎಂದು ಕರುಳು ಕಿತ್ತುಬರುವ ಹಾಗೆ ಹಾಡುತ್ತಿರುವಾಗ ನುಸಿಗುಳಿಗೆಯ ಘಾಟಿಗೆ "ಆಕ್ಷೀ!"

"ನನ್ ಮದ್ವೆ ಸೀರೆ ಮ್ಯಾಲೇ ಸೀನವ್ರೆ" ಎಂದು ಅತ್ತೆ ನಮ್ಮ ಅವ್ವನಿಗೆ ಫೋನಿನಲ್ಲಿ ದೂರು ಕೊಟ್ಟರು.

"ಮದ್ವೆ ದಿನಾನೂ ಸೀನ್ತಾನೇ ಇದ್ದ ಬುಡು, ಅವ್ನಿಗೆ ದೂಳಾಗಲ್ಲ" ಎಂದು ಅವ್ವ ತಮ್ಮನ ಪರ ವಹಿಸಿಕೊಂಡಳು.

ಸೀನಿನ ಕಾಟ ಮುಗಿದರೆ ರೈಲಿನದು. ಬೆಂಗಳೂರು–ಮೈಸೂರು ದಾರಿಯಲ್ಲಿ ಎಷ್ಟು ರೈಲು ಓಡಾಡುತ್ತವೆ ಎನ್ನುವುದು ನಿಮಗೆ ಗೊತ್ತಾಗಬೇಕಾದರೆ ಹನಕೆರೆಯ ಹತ್ತಿರ ಕೂತು ಒಂದು ಭಾವಗೀತೆ ರೆಕಾರ್ಡು ಮಾಡಲು ಹೊರಡಬೇಕು. ಮಾವ ಮೊದಮೊದಲು ರೈಲಿಗೆ ಬೈದರು, ಆಮೇಲೆ ರೈಲಿಗೆ ಕಾದರು, ಕೊನೆಗೆ ರೈಲನ್ನೇ ಹಾಡಿಗೆ ಸೇರಿಸಿಕೊಂಡರು. ಅವರ ಎಷ್ಟೋ ಹಾಡುಗಳಲ್ಲಿ ನಾಯಕಿ ಊರು ಬಿಟ್ಟು ಹೋಗುವುದು ರೈಲಿನಲ್ಲೇ. ಅದೇನು ಕಾವ್ಯದ ಅಗತ್ಯವಲ್ಲ, ಪ್ಯಾಸೆಂಜರ್ ಗಾಡಿ ಬಂದುಬಿಟ್ಟಿತ್ತು ಅಷ್ಟೆ! ಹೊಳೆಯ ಸದ್ದು ಬೇಕೆಂದು ಒಮ್ಮೆ ಮುತ್ತತ್ತಿಗೂ ಹೋಗಿದ್ದರು. ಕಾವೇರಿಯ ದಡದಲ್ಲಿ ಕಣ್ಣು ಮುಚ್ಚಿ ಹಾಡುತ್ತಿದ್ದಾಗ ಒಂದು ಕೋತಿ ಬಂದು ಹೆಡ್‌ಫೋನು ಕಿತ್ತುಕೊಂಡು ಮರ ಹತ್ತಿತು. ಆಂಜನೇಯನ ಸನ್ನಿಧಿಯಲ್ಲಿ ಕೋತಿಗೆ ಕಲ್ಲು ಹೊಡೆಯುವುದುಂಟೇ? ಮಾವ ಕೆಳಗೆ ನಿಂತು ಕೈಮುಗಿದು "ಸ್ವಾಮಿ, ಕೇಳಾದ್ಮ್ಯಾಕೆ ಕೊಟ್ಬುಡಪ್ಪ" ಎಂದರಂತೆ. ಕೊಡಲಿಲ್ಲ.

ಹಾಡು ತಯಾರಾಯಿತು, ಕೇಳುವವರು ಬೇಕಲ್ಲ? ಡೈರಿ ಇದ್ದದ್ದು ಯಾತಕ್ಕೆ! ಬೆಳಿಗ್ಗೆ ಸಂಜೆ ಊರಿನ ಹೆಂಗಸರು ಗಂಡಸರೆಲ್ಲ ಹಾಲಿನ ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲಲೇಬೇಕು. ಮಾವ ಒಂದು ಪುಟ್ಟ ಸ್ಪೀಕರು ತಂದು ಕಿಟಕಿಯಲ್ಲಿ ಇಟ್ಟರು. ಹಾಲಿನ ಪರೀಕ್ಷೆಯನ್ನು ಬೇಕೆಂದೇ ನಿಧಾನ ಮಾಡುತ್ತಾರೆ, ಹಾಡು ಮುಗಿಯುವವರೆಗೂ ಸಾಲು ಕರಗಲು ಬಿಡುವುದಿಲ್ಲ ಎಂದು ಊರಿನವರ ಅನುಮಾನ. ಕೇಳಿದವರು ಅಭಿಪ್ರಾಯವನ್ನೂ ಹೇಳಬೇಕು. "ಅಳು ಬತ್ತದೆ ಸಾಮಿ" ಎಂದಳಂತೆ ಒಬ್ಬ ಹೆಂಗಸು. ಮಾವ ಪುಲಕಿತರಾಗಿ "ಯಾವ ಸಾಲಿಗೆ?" ಎಂದರು. "ಸಾಲಿಗಲ್ಲ, ಮನೇಲಿ ಒಲೆ ಮ್ಯಾಲೆ ಸಾರು ಇಟ್ಬಂದಿವ್ನಿ" ಎಂದಳು ಅವಳು.

ಮಾವನ ಹಾಡುಗಳಲ್ಲಿ ಕಲ್ಪನೆ ಎನ್ನುವುದು ಚೂರೂ ಇಲ್ಲ. "ನಂಗಾಗಿದ್ದು ಬರೀತೀನಿ, ಆಗ್ದಿದ್ದು ಬರ್ಯಲ್ಲ" ಎನ್ನುವುದು ಅವರ ವ್ರತ. ಅವರಿಗೆ ಆಗಿದ್ದರಲ್ಲಿ ನಮಗೆಲ್ಲರಿಗೂ ಪಾಲು ಇತ್ತಲ್ಲ, ಅದೇ ತೊಂದರೆಯಾದದ್ದು. ಅತ್ತೆಯ ತವರು ಮಳವಳ್ಳಿಯ ಕಡೆ. ಅಲ್ಲಿ ಅತ್ತೆಯ ತಮ್ಮನ ಮನೆಯಲ್ಲಿ ಮದುವೆಯಾಗಿ, ಬೀಗರ ಊಟಕ್ಕೆ, ಅಂದರೆ ಮದುವೆಯ ನಂತರದ ಬಾಡೂಟಕ್ಕೆ, ಕರೆದಿದ್ದರು. ಮನೆಯ ಅಳಿಯ ಎಂದು ಮಾವ ಮೊದಲ ಸಾಲಿನ ನಿರೀಕ್ಷೆಯಲ್ಲಿ ಇದ್ದರು. ಸಿಕ್ಕಿದ್ದು ಕಡೆಯ ಪಂಕ್ತಿಯ ಕಡೆಯ ಎಲೆ. ಊರಿಗೆ ಬಂದವರೇ ಬೀರು ಹೊಕ್ಕರು.

ಅತ್ತೆ ಮನೆಯ ಬೀಗರೂಟ, ಎಲೆಯ ತುದಿಗೆ ಕುಂತೆ,
ಬೋಟಿಯೆಲ್ಲ ಮುಂದಿನ ಸಾಲ್ಗೆ, ಮೂಳೆ ನಂಗೆ ಬಂತೆ!

ಮಾವ ಇದನ್ನು ಎದೆಯ ನೋವಿನಿಂದ ಬರೆದಿದ್ದರು. ಮಳವಳ್ಳಿಯ ಹುಡುಗರು ಅದನ್ನು ರಿಂಗ್‌ಟೋನು ಮಾಡಿಕೊಂಡರು! ಅತ್ತೆ ಒಂದು ವಾರ ಒಲೆ ಹಚ್ಚಿದರೂ ಮಾತಾಡಲಿಲ್ಲ. ಮುಂದಿನ ವರ್ಷ ಅದೇ ಮನೆಯಲ್ಲಿ ಇನ್ನೊಂದು ಬೀಗರ ಊಟ ಬಂತು. ಮಾವನನ್ನು ಕರೆಯುತ್ತಾರೋ ಇಲ್ಲವೋ ಎಂದು ನಾವೆಲ್ಲ ಕಾಯುತ್ತಿದ್ದರೆ, ಆ ಬಾವಮೈದುನ ಕಾರು ಮಾಡಿಕೊಂಡು ಬಂದು ಕರೆದುಕೊಂಡು ಹೋದರು. ಮೊದಲ ಪಂಕ್ತಿ, ಮೊದಲ ಎಲೆ. ಕುರಿಯ ಕರುಳಿನ ಬೋಟಿ ಗೊಜ್ಜು ಬಡಿಸಿದರು, ಮತ್ತೆ ಬಡಿಸಿದರು, ಬೇಡ ಎಂದು ಎಲೆಯ ಮೇಲೆ ಮಾವ ಅಡ್ಡ ಮಲಗುವುದೊಂದು ಬಾಕಿ. "ತಿನ್ನಿ ಬಾವ, ಇನ್ನೊಂದ್ ಆಡ್ ಬಂದ್ರೆ ನಾವು ಊರ್ ಬುಡ್ಬೇಕಾಯ್ತದೆ" ಎಂದರು ಬಾವಮೈದುನ. ಆ ವಾರವೆಲ್ಲ ಮಾವನಿಗೆ ಹೊಟ್ಟೆ ಕೆಟ್ಟು ಹಾಡು ಬರೆಯಲು ಪುರುಸೊತ್ತೇ ಸಿಗಲಿಲ್ಲ.

ಇಷ್ಟಕ್ಕೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವಳು ನಮ್ಮ ಅವ್ವ. ಅವಳದೇ ಸರದಿ ಬರುವವರೆಗೆ.

ಅದು ಅರ್ಥವಾಗಬೇಕಾದರೆ ಒಂದು ಹಳೆಯ ಕತೆ ಹೇಳಬೇಕು. ಮಾವ ನಡೆಯಲು ಕಲಿಯುವ ಮೊದಲೇ ಅವರ ತಾಯಿ ತೀರಿಕೊಂಡರು. ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕ, ಅಂದರೆ ನನ್ನ ಅವ್ವ. ಅವಳೇ ಆಗ ಹುಡುಗಿ. ಆಮೇಲೆ ಅವಳನ್ನು ಕೆರಗೋಡಿಗೆ ಮದುವೆ ಮಾಡಿಕೊಟ್ಟರು. ಮದುಮಗಳು ಮೊದಲ ಸಲ ಗಂಡನ ಮನೆಗೆ ಹೋಗುವಾಗ ಬೇಜಾರಾಗದಿರಲಿ ಎಂದು ಜೊತೆಗೆ ತಮ್ಮನನ್ನೋ ತಂಗಿಯನ್ನೋ ಕಳಿಸುವುದು ನಮ್ಮ ಕಡೆಯ ರೂಢಿ. ಜೊತೆಗೆ ಹೋದವರು ನಾಲ್ಕು ದಿನ ಇದ್ದು, ಹೊಸ ಬಟ್ಟೆ ತೊಟ್ಟು, ಸಿಹಿ ತಿಂದು ವಾಪಸ್ಸು ಬರಬೇಕು. ಮಾವ ಹೋದವರು ಬರಲೇ ಇಲ್ಲ! ಸಂಕ್ರಾಂತಿ ಬಂತು, ಯುಗಾದಿ ಬಂತು, ಮತ್ತೊಂದು ಸಂಕ್ರಾಂತಿಯೂ ಬಂತು. ಮದುಮಗಳ ಜೊತೆ ಬಂದ ಹುಡುಗ ಅಕ್ಕನ ಸೆರಗು ಹಿಡಿದುಕೊಂಡು ಕೆರಗೋಡಿನಲ್ಲೇ ಇದ್ದ. ಆಮೇಲೆ ಒಂದು ಬೆಳಿಗ್ಗೆ ಇದ್ದಕ್ಕಿದ್ದ ಹಾಗೆ, ಊಟವನ್ನೂ ಮಾಡದೆ, ಬಸ್ಸು ಹತ್ತಿ ಅಪ್ಪನ ಮನೆಗೆ ಹೊರಟುಹೋದ. ಆ ಬೆಳಿಗ್ಗೆಯ ಬಗ್ಗೆ ಅವ್ವ ನಮಗೆ ಹೇಳುತ್ತಿದ್ದದ್ದು ಇಷ್ಟೇ: "ಉಣ್ದೆ ಓದ."

ಮಾವ ಈ ಕೆರಗೋಡಿನ ದಿನಗಳ ಮೇಲೆ ಒಂದು ಹಾಡು ಕಟ್ಟಿದರು. ಅದರಲ್ಲಿ ಈ ಸಾಲು ಇತ್ತು:

ಕದದ ಹಿಂದೆ ಕುಂತ ಅಕ್ಕ ಉಂಡೆ ಅಂತ ಅಂದ್ಲು,
ತನ್ನ ಪಾಲ ಮುದ್ದೆ ಮುರಿದು ನನ್ನ ತಟ್ಟೆಗಿಟ್ಲು.

ಹಾಡು ನಿಜಕ್ಕೂ ಚೆನ್ನಾಗಿತ್ತು. ಅದೇ ಮುಳುವಾದದ್ದು. ಚೆನ್ನಾಗಿಲ್ಲದಿದ್ದರೆ ಹನಕೆರೆಯಲ್ಲೇ ನಿಂತುಹೋಗುತ್ತಿತ್ತು, ಚೆನ್ನಾಗಿದ್ದದ್ದರಿಂದ ಕೆರಗೋಡಿಗೂ ಬಂತು. ಅವ್ವ ನಲ್ಲಿಯ ಹತ್ತಿರ ಬಿಂದಿಗೆ ಇಟ್ಟುಕೊಂಡು ನಿಂತಿದ್ದಾಗ ನೆರೆಮನೆಯಾಕೆ ಕೇಳಿಯೇಬಿಟ್ಟಳು, "ಅಲ್ಲಕ್ಕ, ನಿಮ್ಮತ್ತೆ ನಿಮ್ಗೆ ಅಳ್ತೆ ಮಾಡಿ ಮುದ್ದೆ ಇಕ್ತಿದ್ರಂತೆ?" ಅವ್ವ ತುಂಬದ ಬಿಂದಿಗೆ ಎತ್ತಿಕೊಂಡು ಮನೆಗೆ ಬಂದಳು. ಬಂದವಳೇ ಮಾವನಿಗೆ ಫೋನು ಹಚ್ಚಿಸಿದಳು.

"ಏನ್ಲಾ! ನಮ್ಮತ್ತೆ ಕಡೇಗಾಲ್ದಲ್ಲಿ ನನ್ ಕೈಲೇ ನೀರ್ ಕುಡ್ದು ಓದೋಳು. ಅವತ್ತಿನ ಕಾಲ ಅಂಗಿತ್ತು, ಎಲ್ಲಾರ್ ಮನೇಲೂ ಅಂಗೇ ಇತ್ತು. ನಾನು ಇಷ್ಟು ವರ್ಸ ನನ್ ಮಕ್ಳಿಗೂ ಯೋಳ್ದೆ ಮಡಿಕ್ಕಂಡಿದ್ನ ನೀನು ಡೈರಿ ಕಿಟ್ಕೀಲಿ ಇಟ್ಟು ಊರಿಗೆಲ್ಲ ಕೇಳುಸ್ದಲ್ಲೋ! ನಿನ್ ಆಡೂ ಬ್ಯಾಡ, ನೀನೂ ಬ್ಯಾಡ, ಓಗು."

ಅಷ್ಟೇ. ಅವ್ವ ತಮ್ಮನ ಜೊತೆ ಮಾತು ಬಿಟ್ಟಳು. ಮಾವ ಆ ಹಾಡನ್ನು ಎಲ್ಲ ಕಡೆಯಿಂದ ತೆಗೆದುಹಾಕಿದರು, ಕಳಿಸಿದವರಿಗೆಲ್ಲ ಫೋನು ಮಾಡಿ ಅಳಿಸಿ ಎಂದು ಬೇಡಿಕೊಂಡರು. ಅವ್ವ ಜಗ್ಗಲಿಲ್ಲ. ಡೈರಿಯ ಸ್ಪೀಕರು ಬಾಯಿ ಮುಚ್ಚಿತು. ಮೊದಮೊದಲು ಊರಿನವರಿಗೆ ಕಿವಿ ತಂಪಾದ ಹಾಗಾಯಿತಂತೆ. ಆಮೇಲೆ ಅವರೇ ಸಾಲಿನಲ್ಲಿ ನಿಂತು "ಯಾಕಣ್ಣ, ಇವತ್ತೂ ಆಡಿಲ್ವಾ?" ಎಂದು ಕೇಳತೊಡಗಿದರು. ಅತ್ತೆ ನನಗೆ ಫೋನು ಮಾಡಿ, "ಬೀರು ಬಾಗ್ಲು ತಗೀತಾರೆ, ಒಸಿ ಒತ್ತು ನಿಂತ್ಕೋತಾರೆ, ಮುಚ್ತಾರೆ ಕಣಮ್ಮಿ. ಸೀರೆ ಮ್ಯಾಲೆ ಸೀನುದ್ರೂ ಚಿಂತಿಲ್ಲ, ಇವ್ರು ಆಡುದ್ರೆ ಸಾಕು ಅನ್ಸದೆ" ಎಂದರು. ಅತ್ತೆಯ ಬಾಯಲ್ಲಿ ಈ ಮಾತು ಬಂತೆಂದರೆ ನೋಡಿ!

ಆಮೇಲೆ ತಿಳಿಯಿತು, ಮಾವ ಹಾಡು ನಿಲ್ಲಿಸಿರಲಿಲ್ಲ. ಒಂದೇ ಒಂದು ಹೊಸ ಹಾಡು ಮಾಡಿದ್ದರು. ಕೆರಗೋಡಿನಿಂದ ಅವರು ಹೊರಟುಬಂದ ಆ ಬೆಳಿಗ್ಗೆಯದು. ಊರಿನವರ ಗುಟ್ಟನ್ನೆಲ್ಲ ಹೇಳದೆ ಕೇಳದೆ ಹಂಚಿದ್ದ ಮನುಷ್ಯ ಇದನ್ನು ಹೆಂಡತಿಗೂ ಕೇಳಿಸಿರಲಿಲ್ಲ. "ಮೊದ್ಲು ಅಕ್ಕ ಕೇಳ್ಬೇಕು. ಅವ್ಳು ಬ್ಯಾಡ ಅಂದ್ರೆ ಇದೂ ಬ್ಯಾಡ, ಇನ್ ಯಾವ್ದೂ ಬ್ಯಾಡ" ಎಂದು ನನ್ನ ಹತ್ತಿರ ಹೇಳಿ ಕಳಿಸಿದರು.

ಅವ್ವನಿಗೆ ಹೇಳಿದೆ. ಅವರೇಕಾಯಿ ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ನಂಗೊತ್ತು ಅದ್ರಲ್ಲಿ ಏನೈತೆ ಅಂತ" ಎಂದಳು. "ಅವ್ನು ಓಗಾ ಮುಂಚಿನ್ ದಿನ ನಮ್ಮತ್ತೆ ಏನೋ ಅಂದ್ರು. ಅವ್ರಿಗೆ ಎದುರಾಡಕ್ಕಾಯ್ತದಾ? ಆ ಸಿಟ್ನೆಲ್ಲ ಇವ್ನ್ ಮ್ಯಾಲೆ ತೀರುಸ್ಕಂಡೆ. ನಿಂಗೇನು ಮನೆ ಮಠ ಇಲ್ವೇನ್ಲಾ ಅಂದ್ಬುಟ್ಟೆ. ಬೆಳಿಗ್ಗೆ ಎದ್ದು ಉಣ್ದೆ ಓದ. ಅಕ್ಕ ಓಡುಸ್ಬುಟ್ಲು ಅಂತ ಬರ್ದಿರ್ತಾನೆ, ಇನ್ನೇನ್ ಬರ್ದಾನು. ನಾನು ಕೇಳಕ್ಕಿಲ್ಲ ಮಗಾ."

ಅವ್ವ ಅಷ್ಟು ವರ್ಷ ಹೆದರಿಕೊಂಡು ಬದುಕಿದ್ದು ತನ್ನ ಅತ್ತೆಯ ಮಾನಕ್ಕಲ್ಲ, ಈ ಒಂದು ಮಾತಿಗೆ ಎಂದು ನನಗೆ ಆಗ ಗೊತ್ತಾಯಿತು.

ಗೌರಿ ಹಬ್ಬ ಬಂತು. ತವರಿನಿಂದ ತಮ್ಮ ಬಾಗಿನ ತರುತ್ತಾನೆ, ಅದನ್ನು ಬೇಡ ಎನ್ನುವ ಹೆಣ್ಣು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಮಾತು ಬಿಡಬಹುದು, ಬಾಗಿನ ಬಿಡಲಾಗುತ್ತದೆಯೇ? ಮಾವ, ಅತ್ತೆ ಸ್ಕೂಟರಿನಲ್ಲಿ ಮೊರದ ಬಾಗಿನ ಹಿಡಿದು ಬಂದಿಳಿದರು. ಅವ್ವ ಸೆರಗು ಮುಚ್ಚಿಕೊಂಡು ಬಾಗಿನ ಇಸಿದುಕೊಂಡಳು, ಮಾವ ಕಾಲು ಮುಟ್ಟಿ ನಮಸ್ಕಾರ ಮಾಡಿದರು, ಅವ್ವ ತಲೆಯ ಮೇಲೆ ಅಕ್ಷತೆ ಹಾಕಿದಳು. ಎಲ್ಲವೂ ಶಾಸ್ತ್ರದ ಪ್ರಕಾರ, ಒಂದು ಮಾತೂ ಇಲ್ಲದೆ! ಆಮೇಲೆ ಶುರುವಾಯಿತು ನನ್ನ ಕಷ್ಟ. ಒಂದೇ ಕೋಣೆಯಲ್ಲಿ, ಎದುರಾಬದುರು ಕೂತು, ಇಬ್ಬರೂ ನನ್ನ ಜೊತೆ ಮಾತಾಡತೊಡಗಿದರು.

"ಕಾಪಿ ಕುಡಿತಾರಾ ಕೇಳು ನಿಮ್ಮಾವುನ್ನ."

"ಸಕ್ರೆ ಕಮ್ಮಿ ಇರ್ಲಿ ಅಂತ ಯೋಳು ನಿಮ್ಮವ್ವಂಗೆ."

"ಸಕ್ರೆ ಕಾಯ್ಲೆ ಯಾವಾಗಿಂದ ಅಂತ ಕೇಳು."

"ಕಾಯ್ಲೆ ಇಲ್ಲ, ವಯಸ್ಸಾಯ್ತು ಅಂತ ಯೋಳು."

"ನಂಗಿಂತ ಚಿಕ್ಕೋರು, ನನ್ ಮುಂದೆ ವಯಸ್ಸಿನ ಮಾತು ಬ್ಯಾಡ ಅನ್ನು!"

ನಾನು ಒಂದು ಮಾತೂ ದಾಟಿಸಲಿಲ್ಲ. ದಾಟಿಸುವ ಮೊದಲೇ ಉತ್ತರ ಬರುತ್ತಿತ್ತು.

ಅವ್ವ ಗೌರಿಯ ಮುಂದೆ ಬಾಗಿನ ಇಟ್ಟು ಮೊರ ತೆರೆದಳು. ಬಳೆ, ಬಾಚಣಿಗೆ, ಕನ್ನಡಿ, ಅಕ್ಕಿ, ಬೇಳೆ, ಬೆಲ್ಲದ ಅಚ್ಚು, ರವಿಕೆ ಕಣ. ಅವುಗಳ ನಡುವೆ ಅಕ್ಕಿಯಲ್ಲಿ ಅರ್ಧ ಹೂತು ಒಂದು ಕಪ್ಪು ಪೆನ್ ಡ್ರೈವು! ಅವ್ವ ಅದನ್ನು ತಿರುಗಿಸಿ ನೋಡಿದಳು. ಅದೇನೆಂದು ಅವಳಿಗೆ ತಿಳಿಯಲಿಲ್ಲ. ಆದರೆ ತವರಿನ ಬಾಗಿನದಲ್ಲಿ ಬಂದದ್ದೆಲ್ಲ ಮಂಗಳವೇ ಅಲ್ಲವೇ? ಬಳೆಗೆ ಇಟ್ಟ ಹಾಗೆ ಅದಕ್ಕೂ ಅರಿಶಿನ ಕುಂಕುಮ ಇಟ್ಟಳು, ಹೂವಿನ ಎಸಳು ಏರಿಸಿದಳು, ಮಂಗಳಾರತಿ ಬೆಳಗಿದಳು.

"ಮಾವ, ಇದೇನಿದು?" ಎಂದು ಪಿಸುಗುಟ್ಟಿದೆ.

"ಮೊಬೈಲ್ಗೆ ಕಳ್ಸುದ್ರೆ ಕೇಳ್ದೇನೆ ಅಳುಸ್ಬುಡ್ತಾಳೆ. ಬಾಗಿನ ಅಳ್ಸಕ್ಕಾಯ್ತದಾ?" ಎಂದರು ಮಾವ. ಅಷ್ಟು ಹೇಳಿದವರೇ ಎದ್ದು ಹಿತ್ತಿಲಿಗೆ ಹೋಗಿಬಿಟ್ಟರು. ಸಾವಿರ ಜನರ ಮುಂದೆ ಬಿಳಿ ಬೂಟು ಹಾಕಿಕೊಂಡು ಕುಣಿದವರು ಕೊಟ್ಟಿಗೆಯ ಗೋಡೆಗೆ ಒರಗಿಕೊಂಡು, ಹಸುವಿನ ಬೆನ್ನು ನೀವುತ್ತಾ ನಿಂತರು.

ತಂದಿರುವುದು ಹಾಡು ಎಂದು ಅವ್ವನಿಗೆ ಹೇಳಿದೆ. ಅವಳು ಒಂದು ಗಳಿಗೆ ಗೌರಿಯನ್ನು ನೋಡಿದಳು. ಪೂಜೆ ಮಾಡಿಯಾಗಿದೆ, ಇನ್ನು ಬೇಡ ಎನ್ನುವುದು ಹೇಗೆ? "ಹಾಕು" ಎಂದಳು. ಹಾಕಿದರೆ ಟೀವಿ ಒಪ್ಪಲಿಲ್ಲ, ತೂತಿಗೆಲ್ಲ ಕುಂಕುಮ! ಸೆರಗಿನಿಂದ ಒರೆಸಿ, ಊದಿ, ಮತ್ತೆ ಸಿಕ್ಕಿಸಿದೆ. ಮೊದಲು ಸದ್ದಿಲ್ಲ. ಆಮೇಲೆ ಮಾವನ ದನಿ ಬಂತು. ವಾದ್ಯವಿಲ್ಲ, ತಾಳವಿಲ್ಲ, ಅಲ್ಲಲ್ಲಿ ಒಡೆದ, ಯಾರ ಹಾಗೂ ಇಲ್ಲದ ದನಿ.

ಹಸಿವಿಲ್ಲ ಅಂದೆ ಅಕ್ಕ, ಹಸಿದೇ ಇದ್ದೆ ನಾನು,
ನಿನ್ನ ತಟ್ಟೆ ಬರಿದ ಕಂಡು ನನ್ನದ ಬಿಟ್ಟು ಬಂದೆ.
ಮುನಿಸಲ್ಲ ಕಣಕ್ಕ, ಮುನಿಸಲ್ಲ,
ಒಂದು ದಿನ ನೀನೂ ಉಣ್ಣಲಿ ಅಂತ ಅಷ್ಟೇ.

ಹಾಡು ಇಷ್ಟೇ ಇತ್ತು. ಅವ್ವನ ಮಾತಿನ ಸುದ್ದಿ ಅದರಲ್ಲಿ ಇರಲಿಲ್ಲ. ಅವಳ ಅತ್ತೆಯ, ಅಂದರೆ ನಮ್ಮ ಅಜ್ಜಿಯ, ಸುದ್ದಿಯೂ ಇರಲಿಲ್ಲ. ಮುಗಿದ ಮೇಲೂ ಅವ್ವ ಟೀವಿಯನ್ನೇ ನೋಡುತ್ತಾ ಕೂತಿದ್ದಳು. ಅತ್ತೆ ಮೂಗು ಒರೆಸಿಕೊಳ್ಳುತ್ತಿದ್ದರು. ಅವ್ವ ಮೊಣಕಾಲಿಗೆ ಕೈ ಊರಿ ಎದ್ದು, ಹಿತ್ತಿಲ ಬಾಗಿಲಿಗೆ ಹೋಗಿ ನಿಂತಳು.

"ಲೇ" ಎಂದಳು.

ವರ್ಷದ ಮೇಲೆ ತಮ್ಮನಿಗೆ ಅವಳು ನೇರವಾಗಿ ಆಡಿದ ಮೊದಲ ಮಾತು ಅದು. ಮಾವ ತಿರುಗಿದರು.

"ನೀನು ಬುಟ್ಟೋದ್ಯಲ್ಲ, ಆ ಮುದ್ದೆ. ನಾನೂ ಉಣ್ನಿಲ್ಲ ಕಣ್ಲಾ."

"ಉಣ್ನಿಲ್ವಾ? ಮತ್ತೆ?"

"ಗಂಟ್ಲಲ್ಲಿ ಇಳೀನಿಲ್ಲ. ತಕ್ಕೊಂಡೋಗಿ ಎಮ್ಮೆಗ್ ಹಾಕ್ದೆ."

ನಲವತ್ತು ವರ್ಷ ಅಕ್ಕ ಅವತ್ತಾದರೂ ಉಂಡಳು ಎಂದು ನಂಬಿಕೊಂಡಿದ್ದ ಮನುಷ್ಯ!

"ಎಮ್ಮೆ ತಿಂತಾ?" ಎಂದರು.

"ಊ ಕಣ್ಲಾ. ಇಬ್ರದ್ನೂ ಎಮ್ಮೆ ತಿಂತು."

ಮೊದಲು ನಕ್ಕವರು ಯಾರೋ ಗೊತ್ತಿಲ್ಲ. ಅಕ್ಕ ತಮ್ಮ ಇಬ್ಬರೂ ಗೋಡೆ ಹಿಡಿದುಕೊಂಡು ನಕ್ಕರು. ನಗುತ್ತಾ ನಗುತ್ತಾ ಅವ್ವ ಸೆರಗು ಕಣ್ಣಿಗೆ ಒತ್ತಿಕೊಂಡಳು, ಮಾವ ಹಸುವಿನ ಕಡೆ ಮುಖ ತಿರುಗಿಸಿಕೊಂಡರು. ಆದರೂ ನೋಡಿ, ಹುಟ್ಟುಗುಣ ಎಲ್ಲಿಗೆ ಹೋಗುತ್ತದೆ? ಮೂಗು ಸೀಟಿಕೊಂಡು ಮಾವ ಕೇಳಿಯೇಬಿಟ್ಟರು, "ಅಕ್ಕ, ಇದುನ್ನ ಒಂದು ಚರಣ ಮಾಡ್ಕೊಳ್ಳಾ?"

"ಮಾಡ್ಕೊ. ನಮ್ಮತ್ತೆ ಸುದ್ದಿಗ್ ಬರ್ಬ್ಯಾಡ. ಎಮ್ಮೆ ಸುದ್ದಿ ಬೇಕಾದಷ್ಟು ಬರ್ಕೊ" ಎಂದಳು ಅವ್ವ.

ಅಡಿಗೆಮನೆಯಲ್ಲಿ ಒಬ್ಬಟ್ಟು, ಪಾಯಸ, ಕೋಸಂಬರಿ ಎಲ್ಲ ಸಿದ್ಧವಾಗಿದ್ದವು. ಅವ್ವ ಅವನ್ನೆಲ್ಲ ಪಕ್ಕಕ್ಕೆ ಸರಿಸಿ ಒಲೆಯ ಮೇಲೆ ಎಸರು ಇಟ್ಟಳು. "ಅಬ್ಬದ ದಿನ ಮುದ್ದೆಯಾ ಅತ್ತಿಗೆ?" ಎಂದರು ಅತ್ತೆ. ಅವ್ವ ಹಿಟ್ಟು ಹಾಕಿ ಕೋಲಿನಲ್ಲಿ ತೊಳಸಿದಳು. ಬಿಸಿ ಮುದ್ದೆ ಕಟ್ಟಿ, ಮೇಲೆ ತುಪ್ಪ ಬಿಟ್ಟು, ಪಕ್ಕಕ್ಕೆ ಸಾರು ಹಾಕಿ, ನಡುಮನೆಯಲ್ಲಿ ಕೂತಿದ್ದ ಮಾವನ ಮುಂದೆ ತಟ್ಟೆ ಇಟ್ಟಳು.

ಮಾವ ಕೈ ಹಾಕಲಿಲ್ಲ.

"ನಿಂದು?"

"ನಂದು ಒಳ್ಗೈತೆ. ನೀನು ಉಣ್ಣು."

"ಇಲ್ಲಿ ತಕ್ಕೊಂಬಾ" ಎಂದರು ಮಾವ.

 ಅವ್ವ ಒಳಗೆ ಹೋಗಿ ತನ್ನ ತಟ್ಟೆಗೂ ಒಂದು ಮುದ್ದೆ ಇಟ್ಟುಕೊಂಡು ಬಂದು ತಮ್ಮನ ಎದುರಿಗೆ ಕೂತಳು. ಮುರಿದು, ಸಾರಿನಲ್ಲಿ ಹೊರಳಿಸಿ ಬಾಯಿಗೆ ಇಟ್ಟುಕೊಂಡಳು. ಮೊದಲ ತುತ್ತು ಗಂಟಲಲ್ಲಿ ಇಳಿಯುವವರೆಗೂ ಮಾವ ಅವಳ ಮುಖವನ್ನೇ ನೋಡುತ್ತಿದ್ದರು. ಆಮೇಲೆ ತಾವೂ ಮುರಿದರು.